ಎರಡೇ ತಂಡಗಳ ಲೀಗು

ಇಂಗ್ಲೆಂಡಿನ ಸಿಲ್ಲಿ ದ್ವೀಪಗಳ ಫುಟ್‌ಬಾಲ್ ಲೀಗಿನಲ್ಲಿರುವುದು ಎರಡೇ ತಂಡ: ವುಲ್‌ಪ್ಯಾಕ್ ವಾಂಡರರ್ಸ್ ಮತ್ತು ಗ್ಯಾರಿಸನ್ ಗನ್ನರ್ಸ್. ಋತುವಿಡೀ ಅದೇ ಮೈದಾನ, ಅದೇ ಎದುರಾಳಿ. ಇದೆಂಥ ಲೀಗು, ಅತ್ತೆ-ಸೊಸೆ ಜಗಳದ ಹಾಗಿದೆಯಲ್ಲ ಎಂದು ಚೆನ್ನೈನ ಮಾಧವರಂನಲ್ಲಿರುವ ಚೆನ್ನೈಯಿನ್ ಎಫ್‌ಸಿ ಅಭಿಮಾನಿ ಮೂಗು ಮುರಿಯಬಹುದು. ಆದರೆ ಯಾವ ಲೀಗನ್ನೇ ಆಗಲಿ ಬದುಕಿಸುವುದು ಹಳೇ ಹಗೆಯ ನೆನಪು. 2018ರ ಮಾರ್ಚ್ 17ರ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರಿನ ಕಂಠೀರವದಲ್ಲೇ ಚೆನ್ನೈಯಿನ್ 3-2ರಿಂದ ಬೆಂಗಳೂರನ್ನು ಮಣಿಸಿದ್ದನ್ನು ಮಾಧವರಂನ ಕನ್ನಡಿಗರೆದುರು ಎತ್ತಿ ನೋಡಿ; ಆ ಋತುವಿನ ಉಳಿದ ಎಂಟು ತಂಡಗಳು ಯಾರಿಗೆ ಬೇಕು? ಗುಣಮಟ್ಟದ ಕತೆಯೇನು ಅನ್ನುವಿರಾ? ಸಿಲ್ಲಿಯಲ್ಲಿ ಋತು ಶುರುವಾಗುವಾಗ ನಾಯಕರಿಬ್ಬರು ನಮ್ಮ ಗಲ್ಲಿ ಹುಡುಗರಂತೆ ಆಟಗಾರರನ್ನು ಹಂಚಿಕೊಳ್ಳುತ್ತಾರೆ. ಕೋಟಿಗಳ ಮಾತೇ ಇಲ್ಲ. ಮೇಲಾಗಿ ಕಟ್ಟಕಡೆಯ ಸ್ಥಾನ ಬಂದರೂ ಮನೆಯಲ್ಲಿ ರನ್ನರ್ಸ್ ಅಪ್ ಎಂದೇ ಹೇಳಬಹುದು.