ಗ್ರಾಂ ರಾಯರು

ಬೆಂಗಳೂರಿನಲ್ಲಿ ನಲವತ್ತೈದು ದಾಟಿದ ಸಾಫ್ಟ್‌ವೇರ್ ಗಂಡಸರಿಗೆ ಒಂದೋ ಷೇರು ಮಾರುಕಟ್ಟೆಯ ಹುಚ್ಚು ಹಿಡಿಯುತ್ತದೆ, ಇಲ್ಲ ಸೈಕಲ್ಲಿನದು. ನಮ್ಮ ಭಾವನವರಿಗೆ ಹಿಡಿದದ್ದು ಸೈಕಲ್ಲಿನದು. ಅಂದಿನಿಂದ ಅವರು ಲೋಕವನ್ನೆಲ್ಲ ಗ್ರಾಂ ಲೆಕ್ಕದಲ್ಲೇ ನೋಡುವುದು. ಪೆಡಲ್ಲು ಇಷ್ಟು ಗ್ರಾಂ, ಸೀಟು ಇಷ್ಟು ಗ್ರಾಂ. ಲಡಾಖಿಗೆ ಹೊರಡುವ ಹಿಂದಿನ ರಾತ್ರಿ ಟೂತ್‌ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ, ಅಡುಗೆಮನೆ ತಕ್ಕಡಿಯಲ್ಲಿಟ್ಟು ತೂಗಿ, ಗೆದ್ದವರಂತೆ ನಕ್ಕರು. ಅಕ್ಕ ಅವರ ಹೊಟ್ಟೆಯ ಕಡೆ ನೋಡಿದಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆ ತಕ್ಕಡಿ ಐದು ಕಿಲೋ ಮೇಲೆ ತೂಗುವುದಿಲ್ಲ.

ಮನಾಲಿಯಿಂದ ಲೇಹ್‌ವರೆಗಿನ ಆ ಸವಾರಿಯಲ್ಲಿ ನಾನೂ ಇದ್ದೆ, ಹಿಂದೆ ಬರುವ ಸಾಮಾನಿನ ಗಾಡಿಯಲ್ಲಿ. ಗಂಡನ ಮೇಲೊಂದು ಕಣ್ಣಿರಲಿ ಅಂತ ಅಕ್ಕನೇ ಕಳಿಸಿದ್ದು. ದಾರಿಯಲ್ಲಿ ರಾತ್ರಿ ತಂಗಿದ ಸರ್ಚು ಇರುವುದು ಸುಮಾರು 4,300 ಮೀಟರ್ ಎತ್ತರದಲ್ಲಿ. ನಂದಿ ಬೆಟ್ಟ 1,478 ಮೀಟರ್. ಭಾವನವರ ತಾಲೀಮೆಲ್ಲ ಅಲ್ಲೇ ನಡೆದದ್ದು. ರಾತ್ರಿ ಟೆಂಟಿನಲ್ಲಿ ತಲೆನೋವಿಗೆ ಯಾರಿಗೂ ನಿದ್ದೆ ಇಲ್ಲ. ಭಾವ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು, "ನಂದು 82. ನಿಂದೆಷ್ಟೋ?" ಅಂದರು. ನನ್ನದು 87 ಬಂತು. ಬೆಳಗಿನವರೆಗೂ ನನ್ನ ಜೊತೆ ಮಾತಿಲ್ಲ.

ಮರುದಿನ ಸರ್ಚುವಿನಿಂದ ಪಾಂಗ್‌ಗೆ. ದೂರ ಎಂಬತ್ತು ಕಿಲೋಮೀಟರಿನ ಆಸುಪಾಸು, ಎಲ್ಲೂ ಒಂದು ಊರಿಲ್ಲ. ನಡುವೆ ಗಾಟಾ ಲೂಪ್ಸ್, ಒಂದರ ಮೇಲೊಂದು 21 ತಿರುವು. ಎತ್ತರದ ಕಾಯಿಲೆ ಬಾರದಿರಲಿ ಎಂದು ನುಂಗುವ ಡೈಮಾಕ್ಸ್ ಮಾತ್ರೆಗೆ ಮೂತ್ರ ಹೆಚ್ಚಿಸುವ ಗುಣವೂ ಉಂಟು. ಹೀಗಾಗಿ ಭಾವ ತಿರುವು ತಿರುವಿಗೂ ಇಳಿದು ಬಂಡೆಯ ಮರೆಗೆ ನಡೆದರು. ಕೇಳಿದರೆ, "ಹಾರ್ಟ್ ರೇಟ್ ಇಳಿಸ್ತಿದೀನಿ" ಎನ್ನುವ ಉತ್ತರ.

ಆ ತಿರುವುಗಳಲ್ಲೊಂದು ಕಡೆ ನೀರಿನ ಬಾಟಲಿಗಳ ರಾಶಿಯೇ ಬಿದ್ದಿದೆ. ಹಿಂದೆ ಕೆಟ್ಟುನಿಂತ ಲಾರಿಯ ಕ್ಲೀನರನೊಬ್ಬ ಹಿಮದಲ್ಲಿ ಸಿಕ್ಕಿ ನೀರಿಲ್ಲದೆ ಸತ್ತನಂತೆ. ಅವನ ಆತ್ಮಕ್ಕೆ ಹೋಗುವವರೆಲ್ಲ ನೀರಿಟ್ಟು ಹೋಗುತ್ತಾರೆ. ದೇವಸ್ಥಾನದಲ್ಲೂ ಕೈಮುಗಿಯದ ಭಾವ ಅಲ್ಲಿ ನಿಂತು, ಕಣ್ಣುಮುಚ್ಚಿ, ತುಂಬಿದ ಬಾಟಲಿಯನ್ನು ಅರ್ಪಿಸಿದರು. ನನ್ನ ಕಣ್ಣು ಒದ್ದೆಯಾಗುವುದರಲ್ಲಿತ್ತು. "ಮುಕ್ಕಾಲು ಕಿಲೋ ಇಳೀತು ನೋಡು" ಅಂದರು. ಮುಂದಿನ ತಿರುವಿನಲ್ಲಿ ನಮ್ಮ ಗಾಡಿಗೆ ಕೈ ಅಡ್ಡಹಾಕಿ ನೀರು ಕೇಳಿದರು.

ಇನ್ನೂ ಮೇಲೆ ರಸ್ತೆ ಕೆಲಸದವರು ಜಲ್ಲಿ ಹರಡುತ್ತಿದ್ದರು, ಜಾರ್ಖಂಡಿನ ಕಡೆಯವರು. ಒಬ್ಬ ಬಂದು ಸೈಕಲ್ಲಿನ ಬೆಲೆ ಕೇಳಿದ. ಮನೆಯಲ್ಲಿ ಹೇಳಿದ್ದ ಲೆಕ್ಕ ನಲವತ್ತೈದು ಸಾವಿರ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಆಮ್ಲಜನಕ ಬೇಕಲ್ಲ. ಭಾವ ಹ್ಯಾಂಡಲ್ ಮೇಲೆ ಎದೆಯಿಟ್ಟು ಏದುಸಿರಿನಲ್ಲೇ, "ಸವಾ ತೀನ್ ಲಾಖ್" ಅಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದ ಅವರ ಮುಖವನ್ನು ನಾನು ಮರೆಯುವುದಿಲ್ಲ. ಆ ಹುಡುಗ ಮಾತ್ರ ಗಂಭೀರವಾಗಿ ಬಗ್ಗಿ, ಇಂಜಿನ್ ಎಲ್ಲಿದೆ ಎಂದು ಹುಡುಕಿದ.

ನಕೀ ಲಾ ಕಣಿವೆದಾರಿ ಮುಟ್ಟಿದಾಗ ಎಲ್ಲ ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ. ರಸ್ತೆ ಅಲ್ಲಿಂದ ವಿಸ್ಕಿ ನಾಲಾಕ್ಕೆ ಇಳಿದು, ಕಷ್ಟಪಟ್ಟು ಗಳಿಸಿದ ಎತ್ತರದಲ್ಲಿ ಒಂದಿಷ್ಟನ್ನು ಕಳೆದು, ಮತ್ತೆ ಲಾಚುಂಗ್ ಲಾಕ್ಕೆ ಏರುತ್ತದೆ. ಅದು ಐದು ಸಾವಿರ ಮೀಟರಿಗೂ ಮೇಲೆ. ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಗಾಡಿಯೊಳಗೆ ಚಿಪ್ಸ್ ಪೊಟ್ಟಣಗಳು ಉಬ್ಬಿ ನಿಂತಿದ್ದವು. ಹೊರಗೆ ಭಾವ ಸವಾ ಮೂರು ಲಕ್ಷವನ್ನು ತಳ್ಳಿಕೊಂಡು ನಡೆಯುತ್ತಿದ್ದರು. ಹತ್ತು ಹೆಜ್ಜೆ, ನಿಲ್ಲುವುದು. ಮತ್ತೆ ಹತ್ತು. ಎದುರುಗಾಳಿ ಧೂಳನ್ನು ಮುಖಕ್ಕೇ ಎರಚುತ್ತಿತ್ತು. "ಗಾಡಿ ಹತ್ತಿ ಭಾವ, ಅಕ್ಕನಿಗೆ ಹೇಳಲ್ಲ" ಅಂದೆ. ತಲೆಯಾಡಿಸಿದರು, ಹತ್ತಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದರೆ ಅದು ಆ ಅರ್ಧ ಗಂಟೆಯಲ್ಲಿ.

ಪಾಂಗ್‌ನ ಡೇರೆ ಹೋಟೆಲಿನಲ್ಲಿ ಎರಡು ಪ್ಲೇಟು ಮ್ಯಾಗಿ ಖಾಲಿಯಾಯಿತು. ಅದನ್ನು ಯಾರೂ ತೂಗಲಿಲ್ಲ. ದಿನವಿಡೀ ಒಮ್ಮೆಯೂ ಗೊಣಗದಿದ್ದ ಮನುಷ್ಯ ಅಳುಮುಖ ಮಾಡಿದ್ದು ಆಮೇಲೆ: ಮೊಬೈಲಿಗೆ ಸಿಗ್ನಲ್ಲಿಲ್ಲ, ಸೈಕಲ್ಲಿನವರ ಸ್ಟ್ರಾವಾ ಆ್ಯಪಿಗೆ ಸವಾರಿ ಏರಿಸುವಂತಿಲ್ಲ.

ಈಗ ಅವರು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಲಾಚುಂಗ್ ಲಾ ಹತ್ತಿಸುತ್ತಾರೆ. ನಿಮಗೂ ಸಿಕ್ಕರೆ ಸಮಾಧಾನದಿಂದ ಕೇಳಿ, ಎತ್ತರ ಎಷ್ಟು ಎಂದೂ ವಿಚಾರಿಸಿ. ಸೈಕಲ್ಲಿನ ಬೆಲೆ ಮಾತ್ರ ಎತ್ತಬೇಡಿ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತವಳು ನಮ್ಮ ಅಕ್ಕನೇ ಇರಬಹುದು.