ಶೆಟ್ಟರ ಖಾಸಗಿ ಆಸ್ತಿ

ಶೆಟ್ಟರು: ಏನ್ರೀ ಮೇಷ್ಟ್ರೇ, ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿದ್ರಂತೆ? ಈ ವಯಸ್ಸಲ್ಲಿ ಕಮ್ಯುನಿಸ್ಟ್ ಆಗ್ಬಿಟ್ರಾ?

ಮೇಷ್ಟ್ರು: ಪುಕ್ಕಟೆ ಸಿಕ್ತು, ಹಾಕಿಸ್ದೆ. ಅದಕ್ಕೂ ಮಾರ್ಕ್ಸನಿಗೂ ಏನ್ರೀ ಸಂಬಂಧ?

ಶೆಟ್ಟರು: 2001ರಲ್ಲೇ ಮೈಕ್ರೋಸಾಫ್ಟಿನ ಸ್ಟೀವ್ ಬಾಮರ್ ಲಿನಕ್ಸನ್ನ ಕ್ಯಾನ್ಸರ್ ಅಂದಿದ್ರು!

ಮೇಷ್ಟ್ರು: ಅದೇ ಕಂಪನಿ 2018ರಲ್ಲಿ ಓಪನ್ ಸೋರ್ಸ್‌ನವರ ಬೀಡಾದ ಗಿಟ್‌ಹಬ್ಬನ್ನ 750 ಕೋಟಿ ಡಾಲರಿಗೆ ಕೊಳ್ತೀವಿ ಅಂತು. ಕಾಯಿಲೆಗೆ ಅಷ್ಟು ರೇಟೇ?

ಶೆಟ್ಟರು: ಅದು ಬಂಡವಾಳಶಾಹಿಯ ಉದಾರತೆ ಕಣ್ರೀ.

ಮೇಷ್ಟ್ರು: 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರಿಗೆ ಲಿನಕ್ಸ್ ಕಂಪನಿ ರೆಡ್ ಹ್ಯಾಟನ್ನ ಕೊಂಡ್ಕೊಳ್ತು. ಕೆಂಪು ಟೋಪಿಗೆ ಯಾವ ಕ್ರಾಂತಿಯಲ್ಲೂ ಇಷ್ಟು ಬೆಲೆ ಬಂದಿರ್ಲಿಲ್ಲ.

ಶೆಟ್ಟರು: ನಿಮ್ಮ ಲಿನಕ್ಸಿನ ಜಿಪಿಎಲ್ ಲೈಸೆನ್ಸೂ ಕಾಪಿರೈಟ್ ಕಾಯ್ದೆಯ ಬಲದಿಂದ್ಲೇ ತಾನೆ ನಡೆಯೋದು?

ಮೇಷ್ಟ್ರು: ಹೌದು, ಜಮೀನ್ದಾರನ ಬೇಲಿ ಕಿತ್ತು ಗೋಮಾಳಕ್ಕೆ ಹಾಕಿದ ಹಾಗೆ.

ಶೆಟ್ಟರು: ನನ್ನ ವಿಂಡೋಸ್ ಮಾತ್ರ ಅಪ್ಪಟ ಖಾಸಗಿ ಆಸ್ತಿ. ನನ್ನ ಸ್ವತ್ತು!

ಮೇಷ್ಟ್ರು: ಸ್ವತ್ತೇ? ಕರಾರು ಓದಿ. ಅದನ್ನ ನಿಮಗೆ ಮಾರಿಲ್ಲ, ಬಳಸೋಕೆ ಬಿಟ್ಟಿದ್ದಾರೆ ಅಷ್ಟೇ. ನೀವು ಗೇಣಿದಾರರು ಶೆಟ್ರೇ. ದೇವರಾಜ ಅರಸರ ಕಾಲವಾಗಿದ್ರೆ ಡಿಕ್ಲರೇಷನ್ ಹಾಕ್ಬಹುದಿತ್ತು.

ಶೆಟ್ಟರು: ಗೇಣಿ ಯಾರು ಕೊಟ್ರು? ನಂದು ಪೈರೇಟೆಡ್ ಕಾಪಿ!

ಮೇಷ್ಟ್ರು: ಲಾಲ್ ಸಲಾಂ ಕಾಮ್ರೇಡ್! ಖಾಸಗಿ ಆಸ್ತಿಯನ್ನ ನಿಜವಾಗಿ ರದ್ದು ಮಾಡಿದೋರು ನೀವೇ.