ಕಾರಣ ಕೇಳುವ ಭಾವ

ಬೆಳ್ಳಾರೆ ಕಡೆಯ ಅಡಕೆ ತೋಟದ ಮನೆಗಳಲ್ಲಿ ಈಚೆಗೆ ಒಬ್ಬೊಬ್ಬ ಅರ್ಥಶಾಸ್ತ್ರದ ಭಾವ ತಯಾರಾಗಿದ್ದಾನೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಪಿಎಚ್.ಡಿ. ಮಾಡುತ್ತಿರುತ್ತಾನೆ; ಯಾವಾಗ ಮುಗಿಯುತ್ತದೆಂದು ಕೇಳುವುದನ್ನು ನೆಂಟರು ಬಿಟ್ಟು ಕಾಲವಾಯಿತು. ‘ಇದರಿಂದ ಅದಾಯಿತು’ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಅವನ ಹುಬ್ಬು ಮೇಲೇರುತ್ತದೆ. ಅತ್ತೆ, ‘ಕಷಾಯ ಕುಡಿದು ಶೀತ ಹೋಯಿತು’ ಎಂದರೆ, ‘ಶೀತ ಇಳಿಯುವ ಹೊತ್ತಿಗೇ ಕುಡಿದಿರಬಹುದಲ್ಲ ಅತ್ತೆ?’ ಎನ್ನುತ್ತಾನೆ. ಅವನಿಗೆ ಎರಡನೇ ಲೋಟ ಕಷಾಯ ಸಿಗುವುದಿಲ್ಲ.

ಚೌತಿ ಊಟದ ಹಂತಿಯಲ್ಲಿ ಮಾತು ಕೊಳೆರೋಗಕ್ಕೆ ಬಂತು. ‘ಮೂರು ಸಲ ಮದ್ದು ಬಿಟ್ಟ ನನ್ನ ತೋಟದಲ್ಲಿ ರಾಶಿ ಕೊಳೆ. ಒಂದೇ ಸಲ ಬಿಟ್ಟ ಆಚೆಮನೆಯಲ್ಲಿ ಎಂತದೂ ಇಲ್ಲ. ಮದ್ದಿನಿಂದಲೇ ಕೊಳೆ ಬರುವುದೋ ಏನೋ’ ಎಂದರು ಮಾವ. ಕೊಳೆಗೆ ಬೋರ್ಡೋ ದ್ರಾವಣವೇ ಮದ್ದೆಂದು ಮೈಸೂರಿನ ಕೋಲ್ಮನ್ ಸಾಹೇಬರು 1910ರಲ್ಲೇ ಬರೆದದ್ದು ಒಂದು ತುತ್ತಿನಲ್ಲಿ ಬುಡಮೇಲಾಯಿತು.

ಭಾವನಿಗೆ ಬೇಕಾದ್ದೂ ಅದೇ. ‘ಇದೇ ಎಂಡೊಜೆನಿಟಿ ಮಾವ! ಕೊಳೆ ಹಿಡಿಯುವ ತೋಟದವರೇ ಹೆಚ್ಚು ಮದ್ದು ಬಿಡುವುದು.’ ಅದೇ ತೋಟಗಳ ಲೆಕ್ಕವನ್ನು ಹತ್ತಾರು ವರ್ಷ ಸಾಲಾಗಿ ಇಟ್ಟರೆ ಅದು ಪ್ಯಾನೆಲ್ ಡೇಟಾ. ಹೊಳೆಬದಿ, ಗುಡ್ಡದ ನೆರಳು ಮುಂತಾದ ಬದಲಾಗದ ಗುಣಗಳನ್ನು ಅದರಲ್ಲಿ ಕಳೆಯಬಹುದು. ಆ ವರ್ಷದ ಮಳೆ ಕಂಡು ಮಾವನಿಗಾದ ಹೆದರಿಕೆಯನ್ನು ಕಳೆಯಲಾಗದು. ಅದಕ್ಕೊಂದು ಇನ್‌ಸ್ಟ್ರುಮೆಂಟ್ ಬೇಕು: ಮದ್ದು ಬಿಡುವುದನ್ನು ಅದು ಏರಿಳಿಸಬೇಕು, ಕೊಳೆಯನ್ನು ಬೇರೆ ದಾರಿಯಿಂದ ಮುಟ್ಟಬಾರದು. ಸಾದಾ ಲೆಕ್ಕದ ಉತ್ತರಕ್ಕೂ ಅದನ್ನು ಹಾಕಿದ ಉತ್ತರಕ್ಕೂ ಅಜಗಜಾಂತರ ಬಂದರೆ, ಎಂಡೊಜೆನಿಟಿ ಉಂಟೆಂದು ಹೌಸ್‌ಮನ್ 1978ರಲ್ಲಿ ತೋರಿಸಿದ ಪರೀಕ್ಷೆ ಹೇಳುತ್ತದೆ. ಇನ್‌ಸ್ಟ್ರುಮೆಂಟ್ ಸಾಚಾ ಆಗಿದ್ದರೆ, ಅಷ್ಟೆ.

ಪಾಯಸ ಬರುವಷ್ಟರಲ್ಲಿ ಅದೂ ಸಿಕ್ಕಿತು: ಮದ್ದು ಬಿಡುವವನ ಕಾಲು. ‘ಅವನ ಕಾಲು ಉಳುಕಿದ ವರ್ಷ ಮದ್ದು ಕಡಿಮೆ. ಕಾಲಿಗೂ ಕೊಳೆಗೂ ಎಂತ ಸಂಬಂಧ?’

ಅತ್ತೆ ಸೌಟು ಎತ್ತಿ ನಿಂತರು. ‘ಅವ ಮರದಿಂದ ಜಾರಿದ್ದು ಮಳೆಗೆ ಅಲ್ವಾ ಮಾರಾಯ?’

ಭಾವ ನೀರು ಕುಡಿದ. ಇಂಥದೇ ಪ್ರಶ್ನೆ ಕೇಳಲು ಅವನ ಗೈಡ್ ಮೂರು ವರ್ಷ ತೆಗೆದುಕೊಂಡಿದ್ದರಂತೆ.

ಆದರೂ ಸೋಲುವ ಕುಳವಲ್ಲ. ‘ಸಾರ್ಗನ್ ಪರೀಕ್ಷೆ ಮಾಡುವ’ ಎಂದ. ಅದು 1958ರದ್ದು; ಇನ್‌ಸ್ಟ್ರುಮೆಂಟ್ ಒಂದಾದರೂ ಹೆಚ್ಚಿಗೆ ಇರಬೇಕು, ಅವುಗಳ ಉತ್ತರಗಳು ಒಂದಕ್ಕೊಂದು ತಾಳೆಯಾದರೆ ಪಾಸು. ಪಂಪು ಒತ್ತುವವನ ಸೊಂಟನೋವನ್ನೂ ಸೇರಿಸಿದ.

‘ಅವನೂ ಅದೇ ಮಳೆಗೆ ಜಾರಿದ್ದು, ತೋಡಿನ ಸಂಕದಲ್ಲಿ’ ಎಂದರು ಮಾವ.

ಇಬ್ಬರು ಸಾಕ್ಷಿಗಳು ಸೇರಿ ಒಂದೇ ಸುಳ್ಳು ಹೇಳಿದರೆ ಸಾರ್ಗನ್ನನೂ ನಂಬಿಬಿಡುತ್ತಾನೆ. ಇದನ್ನು ಭಾವ ಹಂತಿಯಲ್ಲಿ ಬಾಯಿಬಿಡಲಿಲ್ಲ, ಕೈ ತೊಳೆಯುವಲ್ಲಿ ನನ್ನ ಕಿವಿಯಲ್ಲಿ ಹೇಳಿದ.

‘ಅದಿರಲಿ, ನಾಳೆ ಬಿಸಿಲು ಬಂದರೆ ಇನ್ನೊಂದು ಸಲ ಮದ್ದು ಬಿಡುವುದೋ ಬೇಡವೋ?’ ಮಾವ ಕೇಳಿದರು.

‘ಈಗಲೇ ಹೇಳಲಿಕ್ಕಾಗದು ಮಾವ. ಇನ್ನೂ ಹತ್ತು ವರ್ಷದ ಡೇಟಾ ಬೇಕು.’

‘ಆಗಲಿ. ಅಲ್ಲಿವರೆಗೆ ಆ ಮದ್ದಿನ ಸುಣ್ಣವನ್ನೊಂದು ನೀರಿಗೆ ಹಾಕು.’